ಕಾರಿಲ್ಲದೆ, ನಾಲ್ಕು ವರ್ಷದ ಮಗನ ಜೊತೆ ಬೀದರ್ ನೋಡುವುದು ಹೇಗೆ?

ಪ್ರಶ್ನೆ: ನಾವು ಯಾದಗಿರಿಯವರು. ಮಗನಿಗೆ ನಾಲ್ಕು ವರ್ಷ ತುಂಬಿ ಎರಡು ತಿಂಗಳಾಯಿತು. ಡಿಸೆಂಬರ್ ಕೊನೆಯ ವಾರ ಬೀದರಿಗೆ ಹೋಗಬೇಕೆಂದಿದ್ದೇವೆ. ಕಾರಿಲ್ಲ, ಮೂರು ದಿನ ಬಾಡಿಗೆ ಗಾಡಿ ಇಟ್ಟುಕೊಳ್ಳುವ ಅನುಕೂಲವೂ ಇಲ್ಲ. ಕೋಟೆ, ಗವಾನ್ ಮದರಸಾ, ಗುರುದ್ವಾರ, ಅಷ್ಟೂರು ನೋಡುವ ಆಸೆ ನನಗೆ. ಅತ್ತೆಯವರಿಗೆ ನರಸಿಂಹ ಝರಣಿಯ ಹರಕೆಯಿದೆ. ಹಾಗೇ ಬಸವಕಲ್ಯಾಣವೂ ಆಗಿಬಿಡಲಿ ಅನ್ನುತ್ತಾರೆ ಮನೆಯವರು. ಕೇಳಿದವರೆಲ್ಲ "ಸಣ್ಣ ಹುಡುಗನ್ನ ಕಟಗೊಂಡು ಬಸ್ಸು ರೈಲಿನಾಗ ಎಲ್ಲಿ ಒದ್ದಾಡ್ತೀರಿ, ಅವಾ ದೊಡ್ಡಾವ ಆಗ್ಲಿ ತಡೀರಿ" ಎನ್ನುತ್ತಿದ್ದಾರೆ. ಹೋಗಬಹುದೇ? ಹೋದರೆ ಹೇಗೆ?

ಉತ್ತರ: ಹೋಗಿ ಬನ್ನಿ. ಅವನು ದೊಡ್ಡವನಾಗುವವರೆಗೆ ಕಾಯಬೇಕಾದ ಊರು ಬೀದರ್ ಅಲ್ಲ. ನೋಡಬೇಕಾದ ಜಾಗಗಳೆಲ್ಲ ಒಂದಕ್ಕೊಂದು ಹತ್ತಿರ. ಹಳೇ ಊರಿನ ನಡುವಿನ ಚೌಬಾರಾ ಗೋಪುರದಿಂದ ಮದರಸಾ, ಮದರಸಾದಿಂದ ಕೋಟೆ ಬಾಗಿಲು ದೊಡ್ಡವರ ಕಾಲಿಗೆ ಹದಿನೈದು ಇಪ್ಪತ್ತು ನಿಮಿಷದ ದಾರಿ. ಉಳಿದದ್ದಕ್ಕೆಲ್ಲ ಆಟೋ ಇದೆ. ಹಳೇ ಊರಿನ ಓಣಿಗಳಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸವಾದ್ದರಿಂದ, ಕಾರು ತಂದವರಿಗಿಂತ ನಿಮಗೆ ಒಂದು ತಲೆನೋವು ಕಡಿಮೆ.

ಆದರೆ ನಿಮ್ಮ ಪಟ್ಟಿ ಉದ್ದವಾಯಿತು. ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಒಂದು ದೊಡ್ಡ ಜಾಗ, ಒಂದು ಸಣ್ಣ ಜಾಗ. ಅದಕ್ಕಿಂತ ಹೆಚ್ಚಾದರೆ ಅವನಿಗೂ ಸುಖವಿಲ್ಲ, ನಿಮಗೂ ಇಲ್ಲ. ಈ ಊರಿಗೆ ಮಕ್ಕಳೊಂದಿಗೆ ಬರುವ ಕುಟುಂಬಗಳನ್ನು ಸುತ್ತಾಡಿಸುವುದೇ ನನ್ನ ಕೆಲಸ. ದೂರ ಜಾಸ್ತಿಯಾಗಿ ಅತ್ತ ಮಕ್ಕಳು ಕಡಿಮೆ. ಮಧ್ಯಾಹ್ನದ ನಿದ್ದೆ ತಪ್ಪಿ, ಹಸಿವಿನ ಹೊತ್ತು ಮೀರಿ, ಮೂತ್ರಕ್ಕೆ ಜಾಗ ಸಿಗದೆ ಅತ್ತವರೇ ಹೆಚ್ಚು. ಈ ಮೂರನ್ನು ಮೊದಲು ಗೊತ್ತುಮಾಡಿಕೊಂಡು, ಅವುಗಳ ನಡುವೆ ಕೋಟೆ ಗುಮ್ಮಟಗಳನ್ನು ಹೊಂದಿಸಿ. ನಾನು ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ.

ಹಾಗಾಗಿ ಬಸವಕಲ್ಯಾಣವನ್ನು ಈ ಸಲ ಕೈಬಿಡಿ. ಬೀದರಿನಿಂದ ಅದು ಹತ್ತಿರ ಹತ್ತಿರ 80 ಕಿಲೋಮೀಟರ್. ಹೋಗಿ ಬರುವುದರಲ್ಲೇ ಒಂದು ದಿನ ಬಸ್ಸಿನಲ್ಲಿ ಕಳೆಯುತ್ತದೆ. ಅನುಭವ ಮಂಟಪದ ನೆಲಕ್ಕೆ ಹೀಗೆ ಓಡೋಡಿ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಮನೆಯವರಿಗೆ ಹೇಳಿ, ಅದಕ್ಕೆಂದೇ ಇನ್ನೊಮ್ಮೆ ಕಲಬುರಗಿ ಮೇಲಿಂದ ಹೋಗೋಣ ಅಂತ. ಮತ್ತೆ, ಬೀದರಿನಲ್ಲಿ ಒಂದು ರಾತ್ರಿ ಸಾಲದು. ಎರಡು ರಾತ್ರಿ ಇರಿ.

ಮೊದಲು ಪ್ರಯಾಣ. ಯಾದಗಿರಿಯಿಂದ ಕಲಬುರಗಿಯವರೆಗೆ ರೈಲು ನಿಮಗೆ ಗೊತ್ತಿದ್ದದ್ದೇ. ಕಲಬುರಗಿಯಿಂದ ಬೀದರಿಗೆ 110 ಕಿಲೋಮೀಟರಿನ ರೈಲು ಹಾದಿ 2017ರ ಅಕ್ಟೋಬರಿನಲ್ಲಿ ಶುರುವಾಯಿತು. ಹೋಗುವಾಗ ಆ ಹಾದಿಯ ಡೆಮು, ಅಂದರೆ ಡೀಸೆಲ್ ಪ್ಯಾಸೆಂಜರ್ ಬಂಡಿ ಹಿಡಿಯಿರಿ. ಮೂರು ತಾಸಿನ ಆಸುಪಾಸು ಹಿಡಿಯುತ್ತದೆ. ಬಸ್ಸಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆದರೆ ಬಸ್ಸಿನ ಮೂರು ತಾಸು ಮಗು ತೊಡೆಯ ಮೇಲೆ ಕುಳಿತೇ ಇರಬೇಕು. ರೈಲಿನಲ್ಲಿ ಎದ್ದು ನಿಲ್ಲಬಹುದು, ಕಿಟಕಿಯಿಂದ ಕಿಟಕಿಗೆ ಹೋಗಬಹುದು, ವಾಂತಿಯ ಕಾಟವೂ ಕಡಿಮೆ. ಕಮಲಾಪುರದ ಕಡೆ ಬಂಡಿ ಸುರಂಗದೊಳಗೆ ನುಗ್ಗುತ್ತದೆ. ಅದನ್ನು ಅವನಿಗೆ ಮೊದಲೇ ಹೇಳಿಡಿ. ಹೇಳದಿದ್ದರೆ ಒಮ್ಮೆಲೇ ಕತ್ತಲಾಗಿ ಸದ್ದು ಜೋರಾದಾಗ ಹೆದರುತ್ತಾನೆ. ಹೇಳಿದ್ದರೆ "ಈಗ ಬರ್ತದ, ಈಗ ಬರ್ತದ" ಎಂದು ಕಾಯುತ್ತ ಕೂರುತ್ತಾನೆ, ಅಲ್ಲಿಯವರೆಗೆ ನಿಮಗೂ ಬಿಡುವು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಕಲಬುರಗಿಯ ಹಣ್ಣಿನ ಅಂಗಡಿಯಲ್ಲಿ ಸಿಕ್ಕರೆ ನಾಲ್ಕು ತಗೊಳ್ಳಿ. ಬೆಲೆ ಸ್ವಲ್ಪ ಹೆಚ್ಚು, ಆದರೆ ಹೊಟ್ಟೆ ತುಂಬುವ ಹಣ್ಣು, ಬಟ್ಟೆ ಕೆಡುವುದಿಲ್ಲ. ಅದು ಬೆಳೆಯುವ ಊರು ಕಿಟಕಿಯಲ್ಲಿ ಬಂದಾಗ ಅದನ್ನೇ ಸುಲಿದು ಕೊಡಿ.

ಈ ಹಾದಿಯಲ್ಲಿ ದಿನಕ್ಕೆ ಓಡುವ ಬಂಡಿಗಳು ಕಡಿಮೆ, ವೇಳೆಯೂ ಆಗಾಗ ಬದಲಾಗುತ್ತದೆ. ಹೊರಡುವ ಹಿಂದಿನ ದಿನ 139ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ. ಡೆಮು ಡಬ್ಬಿಗಳಲ್ಲಿ ಶೌಚಾಲಯ ಇದ್ದೇ ಇರುತ್ತದೆ ಎಂದು ನಂಬಿ ಹತ್ತಬೇಡಿ. ಕಲಬುರಗಿ ನಿಲ್ದಾಣದಲ್ಲಿ "ಬಂದಿಲ್ಲ" ಅಂದರೂ ಒಮ್ಮೆ ಕರೆದೊಯ್ಯಿರಿ.

ಟಿಕೆಟಿನ ಮಾತು. ಐದು ವರ್ಷದೊಳಗಿನ ಮಗುವಿಗೆ ರೈಲಿನಲ್ಲಿ ಟಿಕೆಟ್ ಬೇಕಿಲ್ಲ, ಬೇರೆ ಸೀಟು ಕೇಳದಿದ್ದರಾಯಿತು. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಆರು ವರ್ಷದವರೆಗೆ ಇಲ್ಲ. ನೀವೂ ಅತ್ತೆಯವರೂ ಆಧಾರ್ ಕಾರ್ಡು ಇಟ್ಟುಕೊಂಡರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಅಲ್ಲಿಗೆ ನಿಮ್ಮ ಮನೆಯವರೊಬ್ಬರದೇ ಖರ್ಚು. ಉಳಿದ ದುಡ್ಡನ್ನು ಆಟೋಕ್ಕೆ ಧಾರಾಳವಾಗಿ ಬಳಸಿ. ಕಾರಿಲ್ಲದ ಪ್ರವಾಸದಲ್ಲಿ ಕೈ ಹಿಡಿದು ಖರ್ಚು ಮಾಡಬಾರದ ಜಾಗ ಅದೊಂದೇ. ಅರ್ಧ ಕಿಲೋಮೀಟರ್ ನಡೆದರಾಯಿತು ಎಂದು ಮಧ್ಯಾಹ್ನ ಹೊರಟು, ಹದಿನೈದು ಕಿಲೋ ತೂಕದ ಮಗುವನ್ನು ಎತ್ತಿಕೊಂಡು ಬಂದವರಿಗೆ ಸಂಜೆ ಏನೂ ನೋಡುವ ಮನಸ್ಸು ಉಳಿಯುವುದಿಲ್ಲ.

ಎಲ್ಲಿ ಇಳಿದುಕೊಳ್ಳಬೇಕೆನ್ನುವುದು ಎಲ್ಲಕ್ಕಿಂತ ಮುಖ್ಯ. ನನ್ನ ಸಲಹೆ ಉದಗೀರ ರಸ್ತೆ, ಬಸ್ ನಿಲ್ದಾಣದ ಆಸುಪಾಸು. ಪ್ರವಾಸೋದ್ಯಮ ನಿಗಮದ ಮಯೂರ ಬರೀದ್ ಶಾಹಿ ಅಲ್ಲೇ ಇದೆ, ಬೇರೆ ಲಾಡ್ಜುಗಳೂ ಇವೆ. ಡಿಸೆಂಬರ್ ಕೊನೆಯ ವಾರ ಶಾಲಾ ಪ್ರವಾಸಗಳ ಕಾಲ, ರೂಮು ಮೊದಲೇ ಹೇಳಿಡಿ. ನೆಲಮಹಡಿ ಅಥವಾ ಮೊದಲ ಮಹಡಿ, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಇವೆರಡನ್ನು ಕೇಳಿ. ಇದೇ ರಸ್ತೆಯನ್ನು ಹೇಳುವುದಕ್ಕೆ ಇನ್ನೊಂದು ಕಾರಣ ಬರೀದ್ ಶಾಹಿ ಸುಲ್ತಾನರ ಗೋರಿಗಳ ಉದ್ಯಾನ. ಹುಲ್ಲು, ಮರ, ಬಯಲು. ಬೆಳಿಗ್ಗೆ ಸಂಜೆ ಊರವರು ವಾಯುವಿಹಾರಕ್ಕೆ ಬರುತ್ತಾರೆ. ನಡುವೆ ನಾಲ್ಕೂ ದಿಕ್ಕಿಗೆ ತೆರೆದ ಅಲಿ ಬರೀದನ ಗುಮ್ಮಟ. 1577ರ ಸುಮಾರಿಗೆ, ತಾನು ಬದುಕಿದ್ದಾಗಲೇ ಕಟ್ಟಿಸಿಕೊಂಡದ್ದು. ನೀವು ಮೇಲಿನ ಬಣ್ಣದ ಹೆಂಚು ನೋಡುವಷ್ಟರಲ್ಲಿ ಮಗ ಹುಲ್ಲಿನ ಮೇಲೆ ಓಡಿ ದಣಿದಿರುತ್ತಾನೆ. ಮಕ್ಕಳಿಗೆ ದಿನಕ್ಕೊಮ್ಮೆ ಯಾರ ಕೈಯನ್ನೂ ಹಿಡಿಯದೆ ಓಡುವ ಜಾಗ ಬೇಕು. ಅದು ಮಲಗುವ ಜಾಗದ ಮಗ್ಗುಲಲ್ಲೇ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಮೊದಲ ದಿನ ಬಂದಿಳಿದ ಕೂಡಲೇ ಎಲ್ಲಿಗೂ ಹೊರಡಬೇಡಿ. ಸ್ನಾನ, ಊಟ, ನಿದ್ದೆ. ಎದ್ದ ಮೇಲೆ, ನಾಲ್ಕೂವರೆ ಐದರ ಹೊತ್ತಿಗೆ, ಗುರುದ್ವಾರ ನಾನಕ್ ಝೀರಾ ಸಾಹಿಬ್. ಸಣ್ಣ ಮಕ್ಕಳಿದ್ದವರಿಗೆ ಬೀದರಿನಲ್ಲಿ ಇದಕ್ಕಿಂತ ನೆಮ್ಮದಿಯ ಜಾಗ ಇನ್ನೊಂದಿಲ್ಲ. ವಿಶಾಲ ಅಂಗಳ, ಅಮೃತ ಶಿಲೆಯ ತಣ್ಣನೆ ನೆಲ, ಶುಚಿಯಾದ ಶೌಚಾಲಯ. ಗುರುನಾನಕರು ಇಲ್ಲಿಗೆ ಬಂದಾಗ ಜನ ಸಿಹಿನೀರಿಲ್ಲದೆ ಕಷ್ಟಪಡುತ್ತಿದ್ದರು, ಅವರು ಪಾದದಿಂದ ಕಲ್ಲು ಸರಿಸಿದಲ್ಲಿ ಒರತೆ ಚಿಮ್ಮಿತು ಎಂಬುದು ಭಕ್ತರ ನಂಬಿಕೆ. ಆ ನೀರು ಇಂದಿಗೂ ಹರಿಯುತ್ತಿದೆ. ಮಗನಿಗೆ ಈ ಕತೆಯನ್ನು ರೈಲಿನಲ್ಲೇ ಹೇಳಿಟ್ಟಿದ್ದರೆ ನೀರು ಕಂಡಾಗ ಅವನೇ ನಿಮಗೆ ತಿರುಗಿ ಹೇಳುತ್ತಾನೆ. ಒಳಗೆ ಎಲ್ಲರೂ ತಲೆ ಮುಚ್ಚಿಕೊಳ್ಳಬೇಕು, ಮಕ್ಕಳೂ. ಒಂದು ದೊಡ್ಡ ಕರವಸ್ತ್ರ ಮನೆಯಿಂದಲೇ ತಂದು, ರೂಮಿನಲ್ಲೇ ಕಟ್ಟಿ ರೂಢಿ ಮಾಡಿಸಿ. ಅಲ್ಲಿ ಹೋಗಿ ಕಟ್ಟಲು ಹೋದರೆ ಕಿತ್ತೆಸೆಯುವ ಮಕ್ಕಳೇ ಹೆಚ್ಚು.

ರಾತ್ರಿಯ ಊಟವನ್ನು ಲಂಗರಿನಲ್ಲೇ ಮಾಡಿ. ಯಾರು ಬಂದರೂ ಸಾಲಾಗಿ ನೆಲಕ್ಕೆ ಕೂರಿಸಿ ಬಡಿಸುತ್ತಾರೆ, ದುಡ್ಡು ಕೇಳುವುದಿಲ್ಲ. ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳುವುದು ಅಲ್ಲಿನ ಪದ್ಧತಿ. ನಾಲ್ಕು ವರ್ಷದವರಿಗೆ ಅದನ್ನು ಕಲಿಸಬೇಕಾಗಿಲ್ಲ, ಪಕ್ಕದವರನ್ನು ನೋಡಿ ತಾವೇ ಕೈ ಚಾಚುತ್ತಾರೆ. ದಾಲ್ ಖಾರ ಅನ್ನಿಸಿದರೆ ಬರೀ ರೊಟ್ಟಿ ಕೊಡಿ. ಆದರೆ ಹಾಕಿಸಿಕೊಂಡದ್ದನ್ನು ಬಿಡಬಾರದು, ಅವನಿಗೆಂದು ಸ್ವಲ್ಪ ಸ್ವಲ್ಪವೇ ಹಾಕಿಸಿ.

ಎರಡನೆಯ ದಿನ ಕೋಟೆ. ಡಿಸೆಂಬರಿನ ಬೆಳಗು ಇಲ್ಲಿ ಬಹಳ ಥಂಡಿ. ರಾಜ್ಯದಲ್ಲೇ ಅತಿ ಕಡಿಮೆ ಉಷ್ಣಾಂಶ ಬೀದರಿನಲ್ಲಿ ದಾಖಲಾಯಿತು ಎಂಬ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ. ಯಾದಗಿರಿಯ ಚಳಿಯ ಲೆಕ್ಕದಲ್ಲಿ ಬಟ್ಟೆ ತರಬೇಡಿ. ಸ್ವೆಟರು, ಕಿವಿ ಮುಚ್ಚುವ ಟೋಪಿ, ಕಾಲುಚೀಲ ಬೇಕೇ ಬೇಕು. ಹತ್ತೂವರೆ ಹೊತ್ತಿಗೆ ಅದೇ ಬಿಸಿಲು ಚುರುಗುಟ್ಟುತ್ತದೆ. ಆದ್ದರಿಂದ ಒಂದರ ಮೇಲೊಂದು ತೊಡಿಸಿ, ಒಂದೊಂದೇ ಕಳಚಿ. ಬಿಳಿ ಬಟ್ಟೆ ಬೇಡ. ಇಡೀ ಊರು ನಿಂತಿರುವುದೇ ಕೆಂಪು ಜಂಬಿಟ್ಟಿಗೆಯ ಮೇಲೆ. ಅವನು ಕೂತೆದ್ದ ಕಡೆಯೆಲ್ಲ ಆ ಬಣ್ಣ ಹತ್ತುತ್ತದೆ.

ಎಂಟೂವರೆ ಒಂಬತ್ತಕ್ಕೆ ಆಟೋ ಹಿಡಿದು ಹೊರಡಿ. ಇಲ್ಲಿ ಒಂದು ಮುಖ್ಯ ಮಾತಿದೆ. ಕೋಟೆ ಬಾಗಿಲಲ್ಲಿ ಇಳಿಯಬೇಡಿ. ವಾಹನ ಒಳಗೆ ಹೋಗುತ್ತದೆ. ಹಳೇ ಹಮಾಮಿನಲ್ಲಿ, ಅಂದರೆ ಅರಮನೆಯ ಸ್ನಾನಗೃಹದಲ್ಲಿ, ಈಗ ವಸ್ತು ಸಂಗ್ರಹಾಲಯ ಇದೆಯಲ್ಲ, ಅಲ್ಲಿಯವರೆಗೆ ಆಟೋ ಮಾತಾಡಿ. ಅಲ್ಲಿಂದ ನೋಡುತ್ತ ನೋಡುತ್ತ ಬಾಗಿಲ ಕಡೆಗೆ ನಡೆದು ಬನ್ನಿ. ಎಲ್ಲರೂ ಬಾಗಿಲಿಂದ ಒಳಕ್ಕೆ ನಡೆಯುತ್ತ ಹೋಗುತ್ತಾರೆ. ಅತಿ ದೂರ ತಲುಪಿದ ಹೊತ್ತಿಗೆ ಮಗುವಿನ ಕಾಲು ಸೋತಿರುತ್ತದೆ, ವಾಪಸ್ಸು ಎತ್ತಿಕೊಂಡು ಬರಬೇಕು. ಒಳಗಿಂದ ಹೊರಗೆ ನಡೆದರೆ, ಅವನು ಸೋತಾಗ ನೀವು ಬಾಗಿಲಲ್ಲಿರುತ್ತೀರಿ, ಅಲ್ಲಿ ಆಟೋ ಸಿಗುತ್ತದೆ.

ಕೋಟೆಯನ್ನೆಲ್ಲ ನೋಡಿ ಮುಗಿಸಲು ಹೋಗಬೇಡಿ. ಬಹಮನಿ ಸುಲ್ತಾನ ಅಹಮದ್ ಶಾಹ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದು ಹದಿನೈದನೆಯ ಶತಮಾನದಲ್ಲಿ ಕಟ್ಟಿಸಿದ್ದು. ದೊಡ್ಡವರಿಗೇ ಒಂದು ದಿನ ಸಾಲದು. ಮಗನಿಗೆ ನಾಲ್ಕು ಜಾಗ ಸಾಕು. ಲಾಲ್ ಬಾಗ್ ತೋಟದ ನಡುವಿನ ಕಾಲುವೆ ಮತ್ತು ಕಾರಂಜಿಯ ತೊಟ್ಟಿ. ಅದರ ಪಕ್ಕದ ಸೋಲಾ ಕಂಬ ಮಸೀದಿ. ಅಲ್ಲಿನ ಗುಂಡನೆಯ ಕಂಬಗಳು ಎಷ್ಟು ದಪ್ಪವೆಂದರೆ ಒಂದರ ಹಿಂದೆ ನಿಮ್ಮ ಮಗನೇನು, ನಿಮ್ಮ ಮನೆಯವರೂ ಮರೆಯಾಗಬಹುದು. ಆಮೇಲೆ ರಂಗೀನ್ ಮಹಲ್. ಕೊನೆಗೆ ಶರ್ಜಾ ದರ್ವಾಜಾ.

ರಂಗೀನ್ ಮಹಲಿಗೆ ಬೀಗ ಹಾಕಿರುವುದೇ ಹೆಚ್ಚು. ಬೀಗ ನೋಡಿ ತಿರುಗಿ ಬರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸಂಗ್ರಹಾಲಯದ ಹತ್ತಿರ ಪುರಾತತ್ವ ಇಲಾಖೆಯ ಸಿಬ್ಬಂದಿ ಇರುತ್ತಾರೆ, ನೋಡಬೇಕೆಂದು ಅವರನ್ನು ಕೇಳಿ. ಒಳಗಿನ ಬಾಗಿಲ ಚೌಕಟ್ಟು ಕಪ್ಪು ಕಲ್ಲಿನದು. ಅದರಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಬಳ್ಳಿ, ಹೂವು, ಅಕ್ಷರಗಳಾಗಿ ಕೂರಿಸಿದ್ದಾರೆ. ನೇರ ನಿಂತು ನೋಡಿದರೆ ಬೆಳ್ಳಗೆ ಕಾಣುತ್ತದೆ. ತಲೆಯನ್ನು ಸ್ವಲ್ಪ ಆಚೀಚೆ ಮಾಡಿದರೆ ಒಂದು ಚೂರು ನೀಲಿ, ಇನ್ನೊಂದು ಗುಲಾಬಿ, ಮತ್ತೊಂದು ಹಸಿರು. ಮಗನಿಗೆ ಹೇಳಿ, ಕೈ ಹಚ್ಚಬಾರದು, ತಲೆ ಮಾತ್ರ ಅಲ್ಲಾಡಿಸಬೇಕು ಅಂತ. ಅವನನ್ನು ಎತ್ತಿಕೊಂಡು ನಿಧಾನಕ್ಕೆ ಎಡಕ್ಕೆ ಬಲಕ್ಕೆ ತೂಗಿ. ಕಲೆ, ಇತಿಹಾಸ ಏನೂ ಹೇಳಬೇಕಾಗಿಲ್ಲ. ಸಣ್ಣ ಮಕ್ಕಳು ಈ ಬಾಗಿಲ ಮುಂದೆ ಬಾಯಿ ಮುಚ್ಚಿಕೊಂಡು ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಪ್ರತಿ ಸಲವೂ ನನಗೆ ಖುಷಿಯಾಗುತ್ತದೆ.

ಶರ್ಜಾ ದರ್ವಾಜಾದ ಮೇಲೆ ಎರಡು ಹುಲಿಗಳ ಕೆತ್ತನೆ ಇದೆ. ಬೆಳಿಗ್ಗೆಯೇ "ಕೋಟ್ಯಾಗ ಎರಡು ಹುಲಿ ಅದಾವ, ನೀನೇ ಹುಡುಕಬೇಕು" ಎಂದು ಹೇಳಿಡಿ. ಹೊರಗಡೆ ಮುಖದಲ್ಲಿವೆ. ನೀವು ಒಳಗಿಂದ ಬರುವುದರಿಂದ ಬಾಗಿಲು ದಾಟಿ ಹಿಂದಿರುಗಿ ನೋಡಿದಾಗಲೇ ಕಾಣುವುದು. ಕೊನೆಯ ಹೆಜ್ಜೆಯವರೆಗೂ ಅವನನ್ನು ನಡೆಸಲು ಆ ಎರಡು ಹುಲಿಗಳಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಆದರೆ ಬಾಗಿಲುಗಳ ತಿರುವಿನಲ್ಲಿ ಎಚ್ಚರ. ಕೋಟೆಯೊಳಗೆ ಜನವಸತಿಯೂ ಇರುವುದರಿಂದ ಬೈಕು, ಆಟೋ ಓಡಾಡುತ್ತಲೇ ಇರುತ್ತವೆ. ಶತ್ರು ಸೈನ್ಯ ನೇರ ನುಗ್ಗದಿರಲಿ ಎಂದು ಡೊಂಕಾಗಿ ಕಟ್ಟಿದ ಹಾದಿ ಅದು. ತಿರುವಿನಾಚೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಅಲ್ಲಿ ಕೈ ಬಿಡಬಾರದು.

ಕೈ ಬಿಡಬಾರದ ಇನ್ನೂ ಎರಡು ಜಾಗ ಕೋಟೆಯಲ್ಲಿವೆ. ಒಂದು ಬುರುಜುಗಳು. ಮೇಲಿನ ತೋಪು ನೋಡಲು ಎಲ್ಲ ಮಕ್ಕಳಿಗೂ ಆಸೆ, ಆದರೆ ಅಂಚಿಗೆ ಎಲ್ಲ ಕಡೆ ತಡೆಗೋಡೆಯಿಲ್ಲ, ಕೆಳಗೆ ಬಂಡೆ ಕಡಿದ ಕಂದಕ. ಹತ್ತಿದರೆ ಒಬ್ಬರು ಮಗನ ಕೈ ಹಿಡಿದೇ ಇರಬೇಕು, ಫೋಟೋ ಇನ್ನೊಬ್ಬರು ತೆಗೆಯಲಿ. ಇನ್ನೊಂದು ಹಳೇ ಬಾವಿಗಳು ಮತ್ತು ಹುಲ್ಲು ಬೆಳೆದ ಪಾಳು ಗೋಡೆಗಳ ಸಂದಿ. ಕಮಾನಿನಲ್ಲಿ ಜೇನು ಹುಟ್ಟು ಕಂಡರೆ ಸದ್ದು ಮಾಡದೆ ಅಲ್ಲಿಂದ ಸರಿಯಿರಿ. ತಳ್ಳುಬಂಡಿ ತರಬೇಡಿ, ಕಲ್ಲು ಹಾಸಿನ ಮೇಲೆ ಅದು ಓಡುವುದಿಲ್ಲ. ಬೆನ್ನಿಗೆ ಕಟ್ಟಿಕೊಳ್ಳಲು ಹಳೇ ಇಳಕಲ್ ಸೀರೆ ಒಂದಿದ್ದರೆ ಸಾಕು, ಅದು ನೆರಳಿನಲ್ಲಿ ಹಾಸಿಕೊಂಡು ಬುತ್ತಿ ಬಿಚ್ಚಲೂ ಆಗುತ್ತದೆ.

ಬುತ್ತಿಯ ವಿಷಯ. ಅವನ ಬಾಯಿಗೆ ರೂಢಿಯಾದದ್ದನ್ನೇ ಕಟ್ಟಿಕೊಳ್ಳಿ. ತುಪ್ಪ ಸಕ್ಕರೆ ಸವರಿ ಸುರುಳಿ ಸುತ್ತಿದ ಚಪಾತಿ, ಶೇಂಗಾ ಹೋಳಿಗೆ, ಪುಟಾಣಿ, ಚುರುಮುರಿ. ಖಡಕ್ ರೊಟ್ಟಿ ಕಡಿಯುತ್ತ ಕೂರುವ ಮಕ್ಕಳಾದರೆ ಇನ್ನೂ ಒಳ್ಳೆಯದು, ಒಂದು ರೊಟ್ಟಿಗೆ ಅರ್ಧ ತಾಸು. ಹೋಟೆಲಿನ ಸಾರು ಪಲ್ಯ ಇಲ್ಲಿ ಖಾರ. ಅವನಿಗೆ ಇಡ್ಲಿ, ಮೊಸರು, ಅನ್ನ ಹೇಳಿ. ಕುಡಿಯುವ ನೀರು ಬೆಳಿಗ್ಗೆಯೇ ಎರಡು ಬಾಟಲಿ ತುಂಬಿಕೊಳ್ಳಿ, ಒಂದು ಜೊತೆ ಚಡ್ಡಿ ಪ್ಯಾಂಟು ಕೈಚೀಲದಲ್ಲಿರಲಿ. ಕೋಟೆಗೆ ಹೊರಡುವ ಮುಂಚೆ ರೂಮಿನಲ್ಲೇ ಶೌಚ ಮುಗಿಸಿ.

ಹನ್ನೊಂದೂವರೆಗೆ ಕೋಟೆ ಬಿಡಿ. ಇನ್ನೂ ಗಗನ ಮಹಲ್ ಇದೆ, ತಖ್ತ್ ಮಹಲ್ ಇದೆ ಅನ್ನಿಸುತ್ತದೆ. ಅನ್ನಿಸಲಿ, ಬಿಡಿ. ನಿಮಗೆ ನೋಡಲೇಬೇಕೆನ್ನಿಸಿದರೆ ಮಗ ಮಲಗಿದ ಹೊತ್ತಿನಲ್ಲಿ ಅತ್ತೆಯವರನ್ನು ಅವನ ಹತ್ತಿರ ಬಿಟ್ಟು ನೀವಿಬ್ಬರೂ ಎರಡು ತಾಸು ಹೋಗಿ ಬನ್ನಿ. ಮನೆಯಲ್ಲಿ ಹಿರಿಯರಿರುವುದರ ದೊಡ್ಡ ಅನುಕೂಲ ಅದು.

ಸಂಜೆ ನಾಲ್ಕಕ್ಕೆ ಮದರಸಾ. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ವಿದ್ಯಾಲಯ. ಮೂರು ಅಂತಸ್ತು, ಒಂದು ಮಿನಾರು ಉಳಿದಿದೆ. ಇನ್ನೊಂದು ಮಿನಾರೂ ಮುಂಭಾಗದ ಒಂದು ಪಾಲೂ ಔರಂಗಜೇಬನ ಕಾಲದಲ್ಲಿ ಒಳಗೆ ಶೇಖರಿಸಿದ್ದ ಮದ್ದು ಸಿಡಿದು ಹಾಳಾದವು. ಉಳಿದ ಗೋಡೆಯ ಮೇಲೆ ನೀಲಿ, ಹಳದಿ, ಬಿಳಿ ಹೆಂಚಿನ ತುಂಡುಗಳು ಇನ್ನೂ ಇವೆ, ಸಂಜೆ ಬಿಸಿಲಿಗೆ ಚೆನ್ನಾಗಿ ಕಾಣುತ್ತವೆ. ನಿಮಗೆ ಇದು ಬಹಳ ಹಿಡಿಸುತ್ತದೆ. ಮಗನಿಗೆ ಅರ್ಧ ತಾಸು ಸಾಕು.

ಅವನಿಗೆ ಹಿಡಿಸುವುದು ಅಲ್ಲಿಂದ ಚೌಬಾರಾ ಕಡೆ ಬರುವ ಹಾದಿಯ ಬಿದರಿ ಅಂಗಡಿಗಳು. ಅಂಗಡಿಗೆ ಹೋಗಿ ಬೊಂಬೆ ತೋರಿಸಿ ಬರಬೇಡಿ. ಹಿಂದೆ ಕೆಲಸ ನಡೆಯುವ ಜಾಗ ಇದ್ದರೆ ನೋಡಬಹುದೇ ಎಂದು ಕೇಳಿ. ಗೌರವದಿಂದ ಕೇಳಿದವರಿಗೆ ಇಲ್ಲ ಎನ್ನುವವರು ಈ ಊರಿನಲ್ಲಿ ಕಡಿಮೆ. ಕುಶಲಕರ್ಮಿ ನೆಲಕ್ಕೆ ಕೂತು ಕೆಲಸ ಮಾಡುವುದರಿಂದ ನಿಂತ ನಿಮ್ಮ ಮಗನ ಕಣ್ಣಿಗೆ ಎಲ್ಲ ಸಮ ಎತ್ತರದಲ್ಲಿ ಕಾಣುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂದಾನಿಯನ್ನು ಅರಗಿನ ಮುದ್ದೆಗೆ ಅಂಟಿಸಿಕೊಂಡಿರುತ್ತಾರೆ. ಸಣ್ಣ ಉಳಿಯಿಂದ ಬಳ್ಳಿಯ ಗೆರೆ ಕೊರೆದು, ಕೂದಲಿನಷ್ಟು ತೆಳ್ಳನೆಯ ಬೆಳ್ಳಿ ತಂತಿಯನ್ನು ಆ ಗೆರೆಯೊಳಗೆ ಇಟ್ಟು, ಟಕ್ ಟಕ್ ಎಂದು ಬಡಿದು ಕೂರಿಸುತ್ತಾರೆ. ಆಗ ಎರಡೂ ಲೋಹ ಒಂದೇ ಬಣ್ಣಕ್ಕೆ ಹತ್ತಿರ, ಚಿತ್ರ ಸರಿಯಾಗಿ ಕಾಣುವುದಿಲ್ಲ. ಕೊನೆಗೆ ಹಳೇ ಕೋಟೆಯ ಮಣ್ಣಿಗೆ ನವಸಾಗರ ಕಲಸಿದ ನೀರಿನಲ್ಲಿ ಬಿಸಿ ಮಾಡಿ ಉಜ್ಜಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಬೆಳಿಗ್ಗೆ ಅವನು ತುಳಿದು ಬಂದ ಕೋಟೆಯ ಮಣ್ಣು ಇದು ಎಂದು ಹೇಳಿ. ಎರಕ, ಕಾಯಿಸುವ ಕೆಲಸ ನಡೆಯುತ್ತಿದ್ದರೆ ದೂರ ನಿಲ್ಲಿ, ಅಲ್ಲಿನ ಹೊಗೆ ಮಕ್ಕಳಿಗೆ ಒಳ್ಳೆಯದಲ್ಲ. ಈ ಕಲೆಗಾಗಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನೋಡಿದ ಮೇಲೆ ಒಂದು ಕೀ ಗೊಂಚಲನ್ನಾದರೂ ಕೊಂಡುಕೊಳ್ಳಿ. ಆ ಕೈಗಳು ನಡೆಯುವುದು ಅದರಿಂದಲೇ.

ಚೌಬಾರಾದಲ್ಲಿ ಗುಂಡನೆಯ ಎತ್ತರದ ಗೋಪುರವಿದೆ, ನಾಲ್ಕೂ ರಸ್ತೆ ಕಾಯಲು ಕಟ್ಟಿದ್ದು. ಸಂಜೆ ಅಲ್ಲಿ ವಾಹನಗಳ ಗದ್ದಲ ವಿಪರೀತ. ನೋಡಿ, ಆಟೋ ಹತ್ತಿ.

ಆಟೋ ಬಗ್ಗೆ ಎರಡು ಮಾತು. ಹತ್ತುವ ಮುಂಚೆ ಎಷ್ಟು, ಎಲ್ಲಿಯವರೆಗೆ, ಕಾಯಬೇಕೇ ಎಂಬುದನ್ನು ಮಾತಾಡಿಬಿಡಿ. ಮೊದಲ ದಿನದ ಚಾಲಕ ನಿಧಾನಸ್ಥನಾಗಿದ್ದರೆ ನಂಬರು ತಗೊಂಡು ಮೂರು ದಿನವೂ ಅವರನ್ನೇ ಕರೆಯಿರಿ, ಮಗನಿಗೂ ಗುರುತು ಹತ್ತುತ್ತದೆ. ಮಗುವನ್ನು ಹಿಂದಿನ ಸೀಟಿನ ನಡುವೆ ಕೂರಿಸಿ. ಎಷ್ಟು ಹಟ ಮಾಡಿದರೂ ಚಾಲಕರ ಪಕ್ಕದಲ್ಲಿ ಬೇಡ, ತೆರೆದ ಅಂಚಿನಲ್ಲೂ ಬೇಡ. ಜನ ತುಂಬಿಸಿಕೊಂಡು ಓಡುವ ಶೇರ್ ಆಟೋ ದೊಡ್ಡವರಿಗೆ ಸರಿ, ಮಗುವಿದ್ದಾಗ ಬೇಡ.

ಇನ್ನು ಅತ್ತೆಯವರ ಹರಕೆ. ನರಸಿಂಹ ಝರಣಿಯಲ್ಲಿ ದೇವರ ದರ್ಶನಕ್ಕೆ ಬಂಡೆಯೊಳಗಿನ ಸುರಂಗದಲ್ಲಿ ನೀರಿನಲ್ಲೇ ನಡೆದು ಹೋಗಬೇಕು. ನೀರು ದೊಡ್ಡವರಿಗೆ ಸೊಂಟದಿಂದ ಎದೆಯವರೆಗೆ ಬರುತ್ತದೆ, ಮೇಲೆ ಬಾವಲಿಗಳು, ಹಿಂದೆ ಮುಂದೆ ಜನ. ಹೆಗಲ ಮೇಲೆ ಮಕ್ಕಳನ್ನು ಹೊತ್ತು ಹೋಗುವವರನ್ನು ನೋಡುತ್ತೀರಿ. ನೀವು ಹಾಗೆ ಮಾಡಬೇಡಿ. ಕತ್ತಲು, ತಣ್ಣೀರು, ನೂಕುನುಗ್ಗಲಿನಲ್ಲಿ ಕಾಲು ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ. ಒಳಗೆ ಬಿಡುವುದನ್ನು ಕೆಲವೊಮ್ಮೆ ನಿಲ್ಲಿಸಿರುತ್ತಾರೆ, ಹಾಗಾಗಿ ಹಿಂದಿನ ದಿನವೇ ಲಾಡ್ಜಿನಲ್ಲಿ ಕೇಳಿ. ಮೂರನೆಯ ದಿನ ಬೆಳಿಗ್ಗೆ ಬೇಗ ಅತ್ತೆಯವರೂ ನಿಮ್ಮ ಮನೆಯವರೂ ಆಟೋದಲ್ಲಿ ಹೋಗಲಿ. ನೀವೂ ಮಗನೂ ಬರೀದ್ ಶಾಹಿ ಉದ್ಯಾನದಲ್ಲಿರಿ. ಅತ್ತೆಯವರಿಗೆ ಉಬ್ಬಸ ಅಥವಾ ಎದೆಯ ತೊಂದರೆ ಇದ್ದರೆ ಅವರೂ ನೀರಿಗೆ ಇಳಿಯಬಾರದು. ಹೊರಗೇ ಕಾಯಿ ಒಡೆದು ಕೈಮುಗಿದರೂ ಹರಕೆ ಸಲ್ಲುತ್ತದೆ ಎಂದು ನಿಮ್ಮ ಮನೆಯವರೇ ಅವರಿಗೆ ತಿಳಿಹೇಳಲಿ, ಸೊಸೆ ಹೇಳುವುದಕ್ಕಿಂತ ಅದು ಮೇಲು.

ಅವರು ಬಂದು, ನಾಷ್ಟಾ ಆದ ಮೇಲೆ ಅಷ್ಟೂರು. ಊರಿಂದ ಪೂರ್ವಕ್ಕೆ ಮೂರು ಕಿಲೋಮೀಟರಿನಷ್ಟು. ಇದಕ್ಕೆ ಮಾತ್ರ ಹೋಗಿ ಬರುವ ಆಟೋ ಮಾತಾಡಿ, ಕಾಯುವ ದುಡ್ಡು ಸೇರಿಸಿ. ವಾಪಸ್ಸು ಬರಲು ಅಲ್ಲಿ ಗಾಡಿ ಸಿಗುವುದು ಕಷ್ಟ. ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಹುಮಾಯೂನ್ ಶಾಹನ ಗುಮ್ಮಟಕ್ಕೆ ಸಿಡಿಲು ಬಡಿದು ಅರ್ಧ ಕುಸಿದುಹೋಗಿದೆ. ಗುಮ್ಮಟದ ಒಳಗೆ ಹೇಗಿರುತ್ತದೆ, ಗೋಡೆ ಎಷ್ಟು ದಪ್ಪ ಎಂಬುದು ಹೊರಗೆ ನಿಂತೇ ಕಾಣುತ್ತದೆ. "ಯಾರು ಒಡೆದ್ರು?" ಎಂದು ಅವನು ಕೇಳಿಯೇ ಕೇಳುತ್ತಾನೆ. ಸಿಡಿಲಿನ ಕತೆ ಹೇಳಿ. ಅಹಮದ್ ಶಾಹ ವಲಿಯ ಗೋರಿಯೊಳಗೆ ಗೋಡೆ, ಸೂರು ತುಂಬ ಬಣ್ಣದ ಚಿತ್ತಾರ, ಬಂಗಾರದ ಬರಹ. ಒಳಗೆ ಮಬ್ಬುಗತ್ತಲೆ, ಮಗನನ್ನು ಒಬ್ಬರು ಹೊರಗೆ ಆಡಿಸಲಿ, ನೀವು ಸರದಿಯ ಮೇಲೆ ನಿಧಾನಕ್ಕೆ ನೋಡಿ. ಅತ್ತೆಯವರಿಗೆ ಒಂದು ವಿಷಯ ಹೇಳಿ. ಈ ಸುಲ್ತಾನನನ್ನು ಅಲ್ಲಮಪ್ರಭುವಿನ ರೂಪವೆಂದು ನಂಬಿ ನಡೆದುಕೊಳ್ಳುವ ಭಕ್ತರಿದ್ದಾರೆ. ಪ್ರತಿ ವರ್ಷದ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ನಮ್ಮ ಸೀಮೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಚಪ್ಪಲಿ ಬಿಟ್ಟು ತಾವೇ ಒಳಗೆ ಹೋಗುತ್ತಾರೆ.

ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ. ತರಬೇತಿ ವಿಮಾನಗಳು ತಲೆಯ ಮೇಲೆ ಹಾರುವುದುಂಟು. ಎಂಥ ಗುಮ್ಮಟದ ಮುಂದೆ ನಿಂತಿದ್ದರೂ ಆ ಸದ್ದು ಕೇಳಿದರೆ ಅವನು ಮೇಲೆಯೇ ನೋಡುವುದು. ನೋಡಲಿ ಬಿಡಿ, ಅದೂ ಬೀದರೇ.

ಔಷಧಿ ಚೀಲದಲ್ಲಿ ಒಆರ್‌ಎಸ್ ಪೊಟ್ಟಣ, ಜ್ವರದ ಸಿರಪ್ಪು, ಗಾಯದ ಪಟ್ಟಿ. ದೊಡ್ಡದೇನಾದರೂ ಆದರೆ ಊರಿನಲ್ಲೇ ಬ್ರಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಆಂಬುಲೆನ್ಸ್ 108. ನಿಮ್ಮಿಬ್ಬರ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಅವನ ಚಡ್ಡಿ ಜೇಬಿನಲ್ಲಿಡಿ. ಅಪ್ಪ ಅಮ್ಮನ ಪೂರ್ತಿ ಹೆಸರು ಮತ್ತು ಊರಿನ ಹೆಸರು ಹೇಳುವುದನ್ನು ಈಗಿನಿಂದಲೇ ರೂಢಿ ಮಾಡಿಸಿ. ಗುಂಪಿನಲ್ಲಿ ಕಾಣದಾದರೆ 112ಕ್ಕೆ ತಡಮಾಡದೆ ಕರೆಮಾಡಿ. ಮಕ್ಕಳ ಸಹಾಯವಾಣಿ 1098.

ವಾಪಸ್ಸು ಬಸ್ಸಿನಲ್ಲಿ ಬನ್ನಿ. ರೈಲಿನ ವೇಳೆಗೆ ಓಡುವ ಆತುರವಿಲ್ಲ. ಹುಮನಾಬಾದ್ ಮೇಲೆ ಕಲಬುರಗಿಗೆ ಬಸ್ಸು ಸಿಗುತ್ತಲೇ ಇರುತ್ತವೆ, ನಿಲ್ದಾಣವೂ ನಿಮ್ಮ ಲಾಡ್ಜಿನ ಹತ್ತಿರವೇ. ಮಧ್ಯಾಹ್ನ ಊಟವಾದ ಕೂಡಲೇ ಹತ್ತಿದರೆ ಅವನು ದಾರಿಯಲ್ಲಿ ನಿದ್ದೆ ಮಾಡುತ್ತಾನೆ. ಹಿಂದಿನ ಸೀಟು ಬೇಡ, ಕುಲುಕಾಟ ಹೆಚ್ಚು. ಮುಂದಿನ ಅರ್ಧದಲ್ಲಿ, ಬಿಸಿಲು ಬೀಳದ ಕಡೆ ಕೂರಿ. ಹುಮನಾಬಾದ್ ನಿಲ್ದಾಣದಲ್ಲಿ ಬಸ್ಸು ನಿಂತಾಗ ಅವನನ್ನು ಎಬ್ಬಿಸಿ ಶೌಚಕ್ಕೆ ಕರೆದೊಯ್ಯಿರಿ, ಆದರೆ ಇಳಿಯುವ ಮುಂಚೆ ಕಂಡಕ್ಟರರಿಗೆ ಒಂದು ಮಾತು ಹೇಳಿ.